ಕ್ಯಾಮೆರಾ ಅಂಗಡಿಗೆ ಹೊರಡುವ ಮುನ್ನ

ದೀಪಾವಳಿಗೆ ಊರಿಗೆ ಹೋದಾಗ ಭಾವ ಒಂದು ಚೀಟಿ ಹಿಡಿದು ಜಗುಲಿಗೆ ಬಂದರು. ಚೀಟಿಯಲ್ಲಿ ಐದು ಕ್ಯಾಮೆರಾಗಳ ಹೆಸರು, ಪ್ರತಿ ಹೆಸರಿನ ಎದುರು ಮೆಗಾಪಿಕ್ಸೆಲ್, ಅದರಾಚೆ ಬೆಲೆ.

"ಇವುಗಳಲ್ಲಿ ಒಳ್ಳೆಯದು ಯಾವುದು, ಹೇಳಿಬಿಡು."

"ಯಾವುದರ ಫೋಟೊ ತೆಗೆಯುತ್ತೀರಿ ಭಾವ?"

"ಮೊದಲು ಕ್ಯಾಮೆರಾ ಬರಲಿ, ಆಮೇಲೆ ನೋಡೋಣ."

ಬಹಳ ಜನ ಎಡವುವುದು ಇಲ್ಲೇ. ಚೀಟಿಯನ್ನು ಮಡಚಿಟ್ಟು ಅವರ ಮೊಬೈಲ್ ಕೇಳಿ ತೆಗೆದುಕೊಂಡೆ. ಮುಂದೆ ಬರೆದಿರುವುದು ಆ ಸಂಜೆ ಜಗುಲಿಯಲ್ಲಿ ಕೂತು ಮಾಡಿದ ಕೆಲಸ, ಅದೇ ಕ್ರಮದಲ್ಲಿ. ನೀವೂ ಹಾಗೆಯೇ ಮಾಡಿ ನೋಡಬಹುದು. ಬೇಕಾಗುವುದು ಒಂದು ಕಾಗದ, ಒಂದು ಪೆನ್ನು, ನಿಮ್ಮದೇ ಮೊಬೈಲ್.

ಹೆಜ್ಜೆ 1: ಕೆಟ್ಟ ಫೋಟೊಗಳನ್ನು ಎಣಿಸಿ

ಮೊಬೈಲಿನಲ್ಲಿ ಹಿಂದಿನ ಒಂದು ವರ್ಷದ ಫೋಟೊಗಳನ್ನು ತೆರೆಯಿರಿ. ಚೆಂದ ಬಂದವುಗಳನ್ನು ಬಿಡಿ. "ಛೇ, ಇದು ಸರಿಯಾಗಿ ಬರಬೇಕಿತ್ತು" ಎಂದು ನಿಮಗೆ ಅನ್ನಿಸಿದ ಇಪ್ಪತ್ತನ್ನು ಆರಿಸಿ, ಪ್ರತಿಯೊಂದಕ್ಕೂ ಒಂದೇ ಶಬ್ದದಲ್ಲಿ ಕಾರಣ ಬರೆಯಿರಿ: ದೂರ, ಕತ್ತಲೆ, ಅಲುಗಾಟ, ತಡ. ಈ ನಾಲ್ಕರಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಡಕವಾಗುತ್ತವೆ.

ಅಲುಗಾಟ ಎಂದು ಬರೆಯುವಾಗ ಮಾತ್ರ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಗೋಡೆ, ಕಂಬ, ಮನುಷ್ಯ ಎಲ್ಲವೂ ಮಸುಕಾಗಿದ್ದರೆ ಅಲುಗಿದ್ದು ನಿಮ್ಮ ಕೈ. ಕಂಬ ಸ್ಪಷ್ಟವಾಗಿದ್ದು ಮನುಷ್ಯ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಅವನು. ಅಂಗಡಿಯಲ್ಲಿ ಹೊಗಳುವ "ಸ್ಟೆಬಿಲೈಸೇಶನ್" ಮೊದಲನೆಯದಕ್ಕೆ ಮಾತ್ರ ಮದ್ದು. ಎರಡನೆಯದಕ್ಕೆ ವೇಗದ ಶಟರ್ (ಬೆಳಕನ್ನು ಒಳಬಿಟ್ಟು ಥಟ್ಟನೆ ಮುಚ್ಚುವ ಪರದೆ) ಬೇಕು, ವೇಗದ ಶಟರಿಗೆ ಹೆಚ್ಚು ಬೆಳಕು ಬೇಕು. ಅಂದರೆ ಅದೂ ಕತ್ತಲೆಯ ಲೆಕ್ಕಕ್ಕೇ ಸೇರಿತು. ಗೂಗಲ್ ಫೋಟೋಸಿನಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ ಶಟರ್ ವೇಗ, ಐಎಸ್‌ಒ (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿತು ಎಂಬ ಸಂಖ್ಯೆ) ಎರಡೂ ಕಾಣುತ್ತವೆ. ಶಟರ್ ವೇಗ 1/15 (ಸೆಕೆಂಡಿನ ಹದಿನೈದನೇ ಒಂದು ಪಾಲು) ಎಂದಿದ್ದರೆ ಕುಣಿಯುವ ಮಗು ಮಸುಕಾದದ್ದರಲ್ಲಿ ಆಶ್ಚರ್ಯವಿಲ್ಲ.

ಭಾವನ ಇಪ್ಪತ್ತರಲ್ಲಿ ಹದಿನಾಲ್ಕು "ದೂರ". ತೋಟದಂಚಿನ ಮರದಲ್ಲಿ ಕೂತ ಮಂಗಟ್ಟೆ, ತಂತಿಯ ಮೇಲಿನ ಮಿಂಚುಳ್ಳಿ, ಹುಣ್ಣಿಮೆಯ ಚಂದ್ರ, ಎಲ್ಲವೂ ಚುಕ್ಕಿ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು ತನ್ನ ಮೊಬೈಲನ್ನೂ ಮುಂದಿಟ್ಟಳು. ಅವಳದು ಬರೀ ಯಕ್ಷಗಾನ. ಹೆಚ್ಚಿನವು "ಕತ್ತಲೆ", ಉಳಿದವು "ಅಲುಗಾಟ". ಒಂದೇ ಮನೆಯ ಇಬ್ಬರಿಗೆ ಎರಡು ಬೇರೆ ಕಾಯಿಲೆ. "ಅಪ್ಪನಿಗೆ ತಂದದ್ದನ್ನೇ ನಾನೂ ಬಳಸಬಹುದಲ್ಲ ಮಾವ?" ಎಂದು ಕೇಳಿದಳು. ಅದಕ್ಕೆ ಉತ್ತರ ಲೆಕ್ಕ ಮಾಡಿದ ಮೇಲೆಯೇ ಸಿಕ್ಕಿತು.

ಅಂದಹಾಗೆ, ಎಷ್ಟು ಹುಡುಕಿದರೂ ಇಪ್ಪತ್ತು ಕೆಟ್ಟ ಫೋಟೊ ಸಿಗದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಹಗಲು ಬೆಳಕಿನಲ್ಲಿ ಮನೆಯವರ, ಪ್ರವಾಸದ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸುವವರಿಗೆ ಇಂದಿನ ಮೊಬೈಲೇ ಸಾಕು. ಆ ಹಣಕ್ಕೆ ಹಂಪಿಗೆ ಹೋಗಿ ಬನ್ನಿ.

ಹೆಜ್ಜೆ 2: ದೂರದ ಲೆಕ್ಕ

ಎರಡು ಕ್ಯಾಮೆರಾಗಳ ಜೂಮನ್ನು ಹೋಲಿಸುವಾಗ "83 ಪಟ್ಟು", "3 ಪಟ್ಟು" ಎನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅದು ಲೆನ್ಸಿನ ಒಂದು ತುದಿಗೂ ಇನ್ನೊಂದು ತುದಿಗೂ ಇರುವ ಅನುಪಾತವಷ್ಟೇ. ನೋಡಬೇಕಾದದ್ದು ಫುಲ್ ಫ್ರೇಮಿಗೆ ಸರಿಹೊಂದಿಸಿದ ಫೋಕಲ್ ಲೆಂತ್. ಫೋಕಲ್ ಲೆಂತ್ ಅಂದರೆ ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದ ಸಂಖ್ಯೆ, ಅದು ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಫುಲ್ ಫ್ರೇಮ್ ಅಂದರೆ 36 ಮಿ.ಮೀ. ಅಗಲದ ಸೆನ್ಸರ್ (ಚಿತ್ರ ಹಿಡಿಯುವ ಫಲಕ), ಎಪಿಎಸ್-ಸಿ ಮತ್ತು ಮೈಕ್ರೊ ಫೋರ್ ತರ್ಡ್ಸ್ ಅದಕ್ಕಿಂತ ಚಿಕ್ಕ ಸೆನ್ಸರುಗಳು. ಕ್ಯಾನನ್ನಿನ ಎಪಿಎಸ್-ಸಿ ಕ್ಯಾಮೆರಾ ಆದರೆ ಲೆನ್ಸಿನ ಮೇಲೆ ಬರೆದ ಸಂಖ್ಯೆಯನ್ನು 1.6ರಿಂದ, ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಎಪಿಎಸ್-ಸಿ ಆದರೆ 1.5ರಿಂದ, ಮೈಕ್ರೊ ಫೋರ್ ತರ್ಡ್ಸ್ ಆದರೆ 2ರಿಂದ ಗುಣಿಸಿ.

ಆ ಸಂಖ್ಯೆಯನ್ನು ಹಕ್ಕಿಯ ಉದ್ದದಿಂದ ಗುಣಿಸಿ ದೂರದಿಂದ ಭಾಗಿಸಿದರೆ (ಉದ್ದ, ದೂರ ಎರಡೂ ಮೀಟರಿನಲ್ಲಿರಲಿ), 36 ಮಿ.ಮೀ. ಅಗಲದ ಚೌಕಟ್ಟಿನಲ್ಲಿ ಹಕ್ಕಿ ಎಷ್ಟು ಮಿ.ಮೀ. ಆಗುತ್ತದೆ ಎಂಬುದು ಸಿಗುತ್ತದೆ. ಭಾವನ ಮಂಗಟ್ಟೆಯನ್ನೇ ತೆಗೆದುಕೊಳ್ಳಿ. ಹಕ್ಕಿ ಸುಮಾರು 45 ಸೆಂ.ಮೀ., ಮರ 40 ಮೀಟರ್ ದೂರ. ಮೊಬೈಲಿನ ಮುಖ್ಯ ಲೆನ್ಸ್ ಸುಮಾರು 24 ಮಿ.ಮೀ.ಗೆ ಸಮ ಎಂದಿಟ್ಟುಕೊಂಡರೆ ಹಕ್ಕಿ ಬರುವುದು 0.27 ಮಿ.ಮೀ., ಚೌಕಟ್ಟಿನ ಅಗಲದ ನೂರರಲ್ಲಿ ಒಂದು ಪಾಲೂ ಇಲ್ಲ. ಅವರ ಚೀಟಿಯಲ್ಲಿದ್ದ ಕ್ಯಾನನ್ ಆರ್50ರ ಎರಡು ಲೆನ್ಸಿನ ಕಿಟ್ಟಿನಲ್ಲಿ ದೊಡ್ಡದು 55-210 ಮಿ.ಮೀ. 210ನ್ನು 1.6ರಿಂದ ಗುಣಿಸಿದರೆ 336. ಹಕ್ಕಿ 3.8 ಮಿ.ಮೀ., ಅಂದರೆ ಅಗಲದ ಹತ್ತನೇ ಒಂದು ಪಾಲು. ಅದೇ ಚೀಟಿಯ ನಿಕಾನ್ ಪಿ950 ಲೆನ್ಸ್ ಕಳಚಲು ಬಾರದ ಕ್ಯಾಮೆರಾ. ಅದರ ಜೂಮ್ 24ರಿಂದ 2000 ಮಿ.ಮೀ.ಗೆ ಸಮ. ಹಕ್ಕಿ 22.5 ಮಿ.ಮೀ., ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು.

ಭಾವ ಕನ್ನಡಕ ಸರಿಮಾಡಿಕೊಂಡು ಆ ಮೂರು ಸಂಖ್ಯೆಗಳನ್ನು ಎರಡು ಸಲ ನೋಡಿದರು. ಚೀಟಿಯಲ್ಲಿ ಪಿ950 ಐದನೆಯದಾಗಿತ್ತು, ಮೆಗಾಪಿಕ್ಸೆಲ್ 16 ಮಾತ್ರ ಎಂಬ ಕಾರಣಕ್ಕೆ.

ದೋಣಿ ಹಕ್ಕಿಗಳ ಹತ್ತಿರವೇ ಹೋಗುವ ರಂಗನತಿಟ್ಟಿನಂತಹ ಕಡೆ 300 ಮಿ.ಮೀ. ಆಸುಪಾಸಿನ ಲೆನ್ಸೂ ಕೆಲಸ ಮಾಡುತ್ತದೆ. ಕಬಿನಿಯ ಹಿನ್ನೀರಿನ ಆಚೆ ದಡದ ಪ್ರಾಣಿಗೆ ಅದು ಏನೇನೂ ಸಾಲದು. ನೀವು ನಿಲ್ಲುವ ಜಾಗದಿಂದ ದೂರವನ್ನು ಅಂದಾಜು ಮಾಡಿ ಲೆಕ್ಕ ಹಾಕಿ. ಬೇರೆಯವರ ಊರಿನ ದೂರ ನಿಮಗೆ ಉಪಯೋಗಕ್ಕೆ ಬಾರದು.

ಹೆಜ್ಜೆ 3: ಕತ್ತಲೆಯ ಲೆಕ್ಕ

ಇದು ಸ್ವಲ್ಪ ಸಾವಧಾನವಾಗಿ ಓದಬೇಕಾದ ಭಾಗ. ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ.

ಬೆಳಕನ್ನು ನಿರ್ಧರಿಸುವುದು ಮೂರು: ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಲೆನ್ಸಿನ ಕಂಡಿ ಎಷ್ಟು ದೊಡ್ಡದು, ಸೆನ್ಸರ್ ಎಷ್ಟು ದೊಡ್ಡದು. ರಂಗಸ್ಥಳದಲ್ಲಿ ಗಿರಕಿ ಹೊಡೆಯುವ ವೇಷಕ್ಕೆ ಶಟರ್ 1/250 ಆದರೂ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಉಳಿದದ್ದು ಕಂಡಿ ಮತ್ತು ಸೆನ್ಸರ್.

ಕಂಡಿಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಎರಡು ಲೆನ್ಸುಗಳನ್ನು ಹೋಲಿಸಲು ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಆರ್50 ಜೊತೆ ಬರುವ 18-45 ಮಿ.ಮೀ. ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಕಂಡಿ ಎಫ್ 6.3. ಬೇರೆಯಾಗಿ ಸಿಗುವ 50 ಮಿ.ಮೀ. ಲೆನ್ಸ್ ಎಫ್ 1.8. 6.3ನ್ನು 1.8ರಿಂದ ಭಾಗಿಸಿದರೆ 3.5, ಮೂರೂವರೆ ಗುಣಿಸು ಮೂರೂವರೆ, ಹನ್ನೆರಡು ಚಿಲ್ಲರೆ ಪಟ್ಟು ಬೆಳಕು. ಎಫ್ 6.3ರಲ್ಲಿ ಐಎಸ್‌ಒ 12800ಕ್ಕೆ ಏರಿಸಿ, ಮುಖದ ಬಣ್ಣಗಾರಿಕೆಯೆಲ್ಲ ಮರಳು ಮರಳಾಗಿ ಬರುವ ಅದೇ ಬೆಳಕಿನಲ್ಲಿ, ಎಫ್ 1.8ರಲ್ಲಿ ಐಎಸ್‌ಒ ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೇದಗೆ ಮುಂದಲೆಯ (ವೇಷದ ತಲೆಯುಡುಗೆಯ) ಒಂದೊಂದು ಪಟ್ಟಿಯೂ ಬಿಡಿಯಾಗಿ ಕಾಣುತ್ತದೆ.

ಈಗ ಸೆನ್ಸರಿಗೆ ಬನ್ನಿ. ಫುಲ್ ಫ್ರೇಮ್ 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಕ್ಯಾನನ್ನಿನ ಎಪಿಎಸ್-ಸಿ ಸುಮಾರು 332. ಫುಲ್ ಫ್ರೇಮ್ ಕೊಂಡರೆ ಸಿಗುವ ಲಾಭ 2.6 ಪಟ್ಟು. ಲೆನ್ಸ್ ಬದಲಿಸಿದರೆ 12 ಪಟ್ಟು. ಮೊದಲನೆಯದಕ್ಕೆ ತೆರಬೇಕಾದ ಬೆಲೆಯ ಒಂದು ತುಣುಕಿಗೆ ಎರಡನೆಯದು ಸಿಗುತ್ತದೆ. "ಫುಲ್ ಫ್ರೇಮ್ ಇಲ್ಲದೆ ಸ್ಟೇಜ್ ಫೋಟೊ ಆಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಈ ಎರಡು ಸಂಖ್ಯೆಗಳನ್ನು ಅವರ ಮುಂದಿಡಿ.

50 ಮಿ.ಮೀ. ಲೆನ್ಸಿನಲ್ಲಿ ಜೂಮ್ ಇಲ್ಲ. ಹತ್ತಿರ ಹೋಗಬೇಕು, ದೂರ ಸರಿಯಬೇಕು, ರಂಗಸ್ಥಳದ ಬದಿಯಲ್ಲಿ ಜಾಗ ಹಿಡಿಯಲು ಬೇಗ ಹೋಗಬೇಕು. ಚೌಕಿಯೊಳಗೆ ಬಣ್ಣ ಹಚ್ಚಿಕೊಳ್ಳುವುದನ್ನು ತೆಗೆಯಲು ಇದು ಇಕ್ಕಟ್ಟಾಗುತ್ತದೆ. ಅಲ್ಲಿಗೆ 18-45 ಸಾಕು, ಏಕೆಂದರೆ ವೇಷಧಾರಿ ಕನ್ನಡಿಯ ಮುಂದೆ ಅಲುಗದೆ ಕೂತಿರುತ್ತಾರೆ, 1/60 ನಡೆಯುತ್ತದೆ.

ಇನ್ನು ಪಿ950ರ ಸೆನ್ಸರ್ ಎಷ್ಟು? ಸುಮಾರು 28 ಚದರ ಮಿ.ಮೀ., ಆರ್50ರದರ ಹನ್ನೆರಡರಲ್ಲಿ ಒಂದು ಪಾಲು. ಇದರಿಂದ ರಾತ್ರಿಯ ಯಕ್ಷಗಾನದ ಒಳ್ಳೆಯ ಫೋಟೊ ಸಾಧ್ಯವಿಲ್ಲ. ಆದರೆ ಅಷ್ಟು ಚಿಕ್ಕ ಸೆನ್ಸರ್ ಇರುವುದರಿಂದಲೇ 2000 ಮಿ.ಮೀ.ಗೆ ಸಮನಾದ ಲೆನ್ಸನ್ನು ಸುಮಾರು ಒಂದು ಕಿಲೊ ತೂಕದಲ್ಲಿ ಕೂರಿಸಲು ಬಂದದ್ದು. ದೂರ ಚಿಕ್ಕ ಸೆನ್ಸರನ್ನು ಬೇಡುತ್ತದೆ, ಕತ್ತಲೆ ದೊಡ್ಡದನ್ನು. ಎರಡನ್ನೂ ಒಟ್ಟಿಗೆ ಕೊಡುವ ಕ್ಯಾಮೆರಾ ಇದೆ. ಅದರ ಲೆನ್ಸಿನ ಬೆಲೆಗೆ ಒಳ್ಳೆಯ ಹಸು ಬರುತ್ತದೆ. ಅಕ್ಕನ ಮಗಳಿಗೆ ಉತ್ತರ ಸಿಕ್ಕಿತು: ಅಪ್ಪನಿಗೆ ತಂದದ್ದು ಅವಳಿಗೆ ಆಗುವುದಿಲ್ಲ.

ಹೆಜ್ಜೆ 4: ಮೆಗಾಪಿಕ್ಸೆಲ್ ಸಾಲನ್ನು ಹೊಡೆದುಹಾಕಿ

4×6 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯಂತೆ ಬೇಕಾಗುವುದು 2.16 ಮೆಗಾಪಿಕ್ಸೆಲ್. 4ಕೆ ಟಿವಿ ತೋರಿಸುವುದು ಸುಮಾರು 8.3. ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟಿಗೆ ಹತ್ತೊಂಬತ್ತೂವರೆ. ಇವತ್ತು ಮಾರಾಟದಲ್ಲಿರುವ ಹೆಚ್ಚಿನ ಎಪಿಎಸ್-ಸಿ ಕ್ಯಾಮೆರಾಗಳು 20ರಿಂದ 26ರ ನಡುವೆ ಇವೆ. ಮದುವೆಯ ಕರಿಜ್ಮಾ ಆಲ್ಬಂ ಮಾಡುವವರಿಗೂ ಇದು ಸಾಲುತ್ತದೆ. ಈ ಒಂದು ಸಾಲಿನ ಮೇಲೆ ಇನ್ನು ಹೊತ್ತು ಕಳೆಯಬೇಡಿ.

ಹೆಜ್ಜೆ 5: ಯಾವ ಜಾತಿ, ಯಾವ ಮನೆತನ

ಲೆನ್ಸ್ ಬದಲಿಸುವ ಕ್ಯಾಮೆರಾ ಬೇಕೆಂದಾದರೆ ಡಿಎಸ್‌ಎಲ್‌ಆರ್ (ಒಳಗಿನ ಕನ್ನಡಿಯ ಮೂಲಕ ನೋಡುವ ಹಳೆಯ ಬಗೆ) ಕೊಳ್ಳಬೇಕೇ, ಮಿರರ್‌ಲೆಸ್ (ಆ ಕನ್ನಡಿ ಇಲ್ಲದ ಹೊಸ ಬಗೆ) ಕೊಳ್ಳಬೇಕೇ? ಹೊಸದಾಗಿ ಕೊಳ್ಳುವವರಿಗೆ ನನ್ನ ಮತ ಮಿರರ್‌ಲೆಸ್‌ಗೆ. ಹೊಸ ಲೆನ್ಸುಗಳು ಬರುತ್ತಿರುವುದು ಅದಕ್ಕೇ, ಮನುಷ್ಯರ, ಹಕ್ಕಿಗಳ ಕಣ್ಣನ್ನು ಹುಡುಕಿ ಫೋಕಸ್ ಮಾಡುವ ಸೌಲಭ್ಯ ಅದರಲ್ಲಿ ಚೆನ್ನಾಗಿದೆ, ಮತ್ತು ಫೋಟೊ ಎಷ್ಟು ಕಪ್ಪು ಎಷ್ಟು ಬಿಳುಪು ಬರುತ್ತದೆ ಎಂಬುದು ಒತ್ತುವ ಮೊದಲೇ ಕಣ್ಣಿಗೆ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ. ಇನ್ನೊಂದನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೈಯಲ್ಲಿ ಹಣ ಕಡಿಮೆ ಇರುವ ವಿದ್ಯಾರ್ಥಿಗಳಿಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಈಗಲೂ ಒಳ್ಳೆಯ ದಾರಿ, ಏಕೆಂದರೆ ಅದರ ಲೆನ್ಸುಗಳು ಹೇರಳವಾಗಿ, ಅಗ್ಗವಾಗಿ ಸಿಗುತ್ತವೆ.

ಬಾಡಿಗಿಂತ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಕ್ಕಿಂತ, ಮುಖ್ಯವಾದದ್ದು ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ. ಬಾಡಿಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಬಹುದು, ಲೆನ್ಸುಗಳು ನಿಮ್ಮೊಂದಿಗೆ ಉಳಿಯುತ್ತವೆ. ಸೋನಿ ಇ ಮೌಂಟ್ 2010ರದು, ಫ್ಯೂಜಿಫಿಲ್ಮ್ ಎಕ್ಸ್ 2012ರದು, ಕ್ಯಾನನ್ ಆರ್‌ಎಫ್ ಮತ್ತು ನಿಕಾನ್ ಝಡ್ ಎರಡೂ 2018ರವು. ಹಳೆಯದಾದ್ದರಿಂದ ಸೋನಿಗೆ ಸಿಗ್ಮಾ, ಟ್ಯಾಮ್ರಾನ್ ಮೊದಲಾದ ಬೇರೆ ಕಂಪನಿಗಳ ಲೆನ್ಸುಗಳ ಆಯ್ಕೆ ವಿಶಾಲ. ಆರ್‌ಎಫ್‌ಗೆ ಅವು ತಡವಾಗಿ ಬರತೊಡಗಿದವು. ಮನೆಯಲ್ಲಿ ಚಿಕ್ಕಪ್ಪನದೋ ಅಣ್ಣನದೋ ಹಳೆಯ ಲೆನ್ಸ್ ಇದ್ದರೆ ಮೊದಲು ಅದನ್ನು ಹೊರತೆಗೆದು ನೋಡಿ. ಕ್ಯಾನನ್ ಇಎಫ್ ಲೆನ್ಸ್ ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಯಲ್ಲಿ ಫೋಕಸ್ ಸಮೇತ ನಡೆಯುತ್ತದೆ. ನಿಕಾನ್ನಿನ ಹಳೆಯ ಎಎಫ್-ಡಿ ಲೆನ್ಸುಗಳು ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ತಾವಾಗಿ ಫೋಕಸ್ ಮಾಡುವುದಿಲ್ಲ, ಕೈಯಲ್ಲೇ ತಿರುಗಿಸಬೇಕು.

ಹೆಜ್ಜೆ 6: ಚೀಟಿಯನ್ನು ಮತ್ತೆ ಬರೆಯಿರಿ

ಈಗ ಪಟ್ಟಿಯಲ್ಲಿ ಎರಡು, ಹೆಚ್ಚೆಂದರೆ ಮೂರು ಹೆಸರು ಉಳಿದಿರಬೇಕು. ಅವುಗಳ ಎದುರು ಇಷ್ಟನ್ನು ಬರೆಯಿರಿ: ನಿಮ್ಮ ದೂರಕ್ಕೆ ಹಕ್ಕಿ ಎಷ್ಟು ಮಿ.ಮೀ., ನಿಮ್ಮ ಕತ್ತಲೆಗೆ ಐಎಸ್‌ಒ ಎಷ್ಟು, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆಯೇ, ಲೆನ್ಸ್ ಸಮೇತ ತೂಕ ಎಷ್ಟು, ಕೆಟ್ಟರೆ ರಿಪೇರಿ ಕೇಂದ್ರ ಯಾವ ಊರಿನಲ್ಲಿದೆ.

ವ್ಯೂಫೈಂಡರ್ ವಿಷಯದಲ್ಲಿ ಒಂದು ಮಾತು. ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಇವುಗಳಲ್ಲಿ ಅದು ಇಲ್ಲ. ಕ್ಯಾಮೆರಾದ ಮುಂದೆ ನಿಂತು ವಿಡಿಯೊ ಮಾಡುವವರಿಗೆ ಅದರ ಅಗತ್ಯವೂ ಇಲ್ಲ, ಅವರಿಗೆ ಬೇಕಾದದ್ದು ಮುಂದಕ್ಕೆ ತಿರುಗುವ ಪರದೆ ಮತ್ತು ಮೈಕ್ ಚುಚ್ಚುವ ತೂತು. ಆದರೆ ಏಪ್ರಿಲ್ ಮಧ್ಯಾಹ್ನ ಹಂಪಿಯ ಬಂಡೆಗಳ ನಡುವೆ ನಿಂತರೆ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಭಾವ ಪಿ950ಕ್ಕೆ ಗುರುತು ಹಾಕಿದರು. ಹಾರುವ ಹಕ್ಕಿಯನ್ನು ಹಿಡಿಯಲು ಅದರ ಫೋಕಸ್ ನಿಧಾನ, ತೋಟದ ಒಳನೆರಳಿನಲ್ಲಿ ಕೂತ ಭೀಮರಾಜ ಹಕ್ಕಿ ಮರಳು ಮರಳಾಗಿಯೇ ಬರುತ್ತದೆ ಎಂದು ಮೊದಲೇ ಹೇಳಿದೆ. "ಹಾರುವುದನ್ನು ಕಣ್ಣಲ್ಲೇ ನೋಡುತ್ತೇನೆ, ಕೂತದ್ದು ಸಿಕ್ಕರೆ ಸಾಕು" ಎಂದರು. ಅದರ ಡಯಲಿನ ಮೇಲೆ ಹಕ್ಕಿಗೊಂದು, ಚಂದ್ರನಿಗೊಂದು ಗುರುತು ಇರುವುದನ್ನು ತೋರಿಸಿದ ಮೇಲೆ ಅವರ ಮನಸ್ಸು ಬದಲಾಗುವ ಮಾತೇ ಇರಲಿಲ್ಲ. ಅಕ್ಕನ ಮಗಳು ಆರ್50ನ್ನು ಒಂದು ಕಿಟ್ ಲೆನ್ಸ್ ಜೊತೆ ಕೊಂಡು, ಎರಡನೆಯ ಕಿಟ್ ಲೆನ್ಸಿನ ಹಣಕ್ಕೆ ಇನ್ನಷ್ಟು ಸೇರಿಸಿ 50 ಮಿ.ಮೀ. ತೆಗೆದುಕೊಂಡಳು.

ಹೆಜ್ಜೆ 7: ಅಂಗಡಿಯಲ್ಲಿ

ಕೈಯಲ್ಲಿರುವ ಹಣವನ್ನೆಲ್ಲ ಕ್ಯಾಮೆರಾ ಬಾಡಿಯ ಮೇಲೆ ಸುರಿಯಬೇಡಿ. ಹತ್ತು ರೂಪಾಯಿಯಲ್ಲಿ ನಾಲ್ಕನ್ನಾದರೂ ಲೆನ್ಸ್, ಇನ್ನೊಂದು ಬ್ಯಾಟರಿ, ಕಾರ್ಡ್ ಮತ್ತು ತೇವ ತಡೆಯುವ ಡಬ್ಬಿಗೆ ತೆಗೆದಿಡಿ. ಕಾರ್ಡಿನ ಮೇಲೆ ವಿ30 ಎಂದಿರಲಿ. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂದು ಅದರರ್ಥ, ಸಾಮಾನ್ಯ 4ಕೆ ವಿಡಿಯೊಗೆ ಸಾಕು.

ನಿಮ್ಮದೇ ಕಾರ್ಡ್ ಒಯ್ದು ಡೆಮೊ ಕ್ಯಾಮೆರಾದಲ್ಲಿ ಅಂಗಡಿಯ ಕತ್ತಲ ಮೂಲೆಯನ್ನು, ಹೊರಗೆ ಓಡುವ ಆಟೊವನ್ನು ತೆಗೆಯಿರಿ. ಮನೆಗೆ ಬಂದು ನೋಡಿ. ಬಲಗೈಯಲ್ಲಿ ಮಾತ್ರ ಹತ್ತು ನಿಮಿಷ ಹಿಡಿದು ನಿಲ್ಲಿ. ಕಿರುಬೆರಳಿಗೆ ಜಾಗ ಇಲ್ಲದ ಹಿಡಿ ಸಂಜೆಯ ಹೊತ್ತಿಗೆ ಕೈ ನೋಯಿಸುತ್ತದೆ. ಬೆಂಗಳೂರು, ಮೈಸೂರಿನಂತಹ ಕಡೆ ಕ್ಯಾಮೆರಾ ಬಾಡಿಗೆಗೆ ಕೊಡುವವರು ಇದ್ದಾರೆ. ದೊಡ್ಡ ಲೆನ್ಸ್ ಕೊಳ್ಳುವ ಮುನ್ನ ಒಂದು ಶನಿವಾರ ಭಾನುವಾರ ಬಾಡಿಗೆಗೆ ತಂದು ಹೊತ್ತು ತಿರುಗಿ. ಎಷ್ಟೋ ಆಸೆಗಳು ಭಾನುವಾರ ಸಂಜೆಗೆ ತಾವಾಗಿ ಇಳಿಯುತ್ತವೆ.

ಬೆಲೆ ತೀರಾ ಕಡಿಮೆ ಹೇಳಿ ಬಿಲ್ ಬೇಡ ಎನ್ನುವವರಲ್ಲಿ ಕೊಳ್ಳಬೇಡಿ. ಬಾಡಿಯ ಅಡಿ, ಪೆಟ್ಟಿಗೆ, ಬಿಲ್, ವಾರಂಟಿ ಕಾರ್ಡ್ ನಾಲ್ಕರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು.

ಹೆಜ್ಜೆ 8: ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಒಯ್ಯಿರಿ

ನಾನು ಇದನ್ನು ಕಲಿತದ್ದು ನಷ್ಟ ಮಾಡಿಕೊಂಡು. ಒಂದು ಮಳೆಗಾಲ 70-300 ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದೆ. ನವರಾತ್ರಿಗೆ ತೆಗೆದು ನೋಡಿದರೆ ಒಳಗಾಜಿನ ಅಂಚಿನಿಂದ ನಡುವಿಗೆ ಜೇಡರ ಬಲೆಯಂತಹ ಬಿಳಿಯ ಎಳೆಗಳು. ಬೂಷ್ಟು. ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು, ಆದರೆ ಅದು ಗಾಜಿನ ಮೇಲಿನ ಲೇಪನವನ್ನು ತಿಂದು ಬಿಟ್ಟಿದ್ದ ಕಲೆ ಹೋಗಲಿಲ್ಲ. ಮಲೆನಾಡು, ಕರಾವಳಿಯಿಂದ ಮಾರಾಟಕ್ಕೆ ಬರುವ ಲೆನ್ಸುಗಳನ್ನು ಇದಕ್ಕೇ ಎಚ್ಚರದಿಂದ ನೋಡಬೇಕು.

ಲೆನ್ಸನ್ನು ಕಳಚಿ, ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಿಕಾನ್ನಿನ ಹಳೆಯ ಲೆನ್ಸ್ ಆದರೆ ಹಿಂಬದಿಯ ಸಣ್ಣ ಕಡ್ಡಿಯನ್ನು ಬೆರಳಿನಿಂದ ತಳ್ಳಿದರೆ ಕಂಡಿ ತೆರೆಯುತ್ತದೆ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ, ಫೋಟೊದಲ್ಲಿ ಕಾಣುವುದಿಲ್ಲ. ಎಳೆಗಳಿದ್ದರೆ, ಒಳಗೆಲ್ಲ ಹಬೆ ಹಿಡಿದಂತಿದ್ದರೆ ಎಷ್ಟು ಅಗ್ಗವಾದರೂ ಬೇಡ. ಬಳಿಕ ಲೆನ್ಸನ್ನು ಕ್ಯಾಮೆರಾ ಬಾಡಿಯ ಮೇಲೆ ಕೂರಿಸಿ, ಎಫ್ 16ಕ್ಕೆ ಇಟ್ಟು ಖಾಲಿ ಆಕಾಶದ ಒಂದು ಫೋಟೊ ತೆಗೆಯಿರಿ. ಸೆನ್ಸರಿನ ಮೇಲೆ ಕೊಳೆ ಇದ್ದರೆ ಕಪ್ಪು ಚುಕ್ಕಿಗಳಾಗಿ ಎದ್ದು ಕಾಣುತ್ತದೆ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಸಂಖ್ಯೆಯನ್ನೂ ಕೇಳಿ. ಮದುವೆಗಳಲ್ಲಿ ದುಡಿದ ಬಾಡಿ ಹೊರಗಿನಿಂದ ಹೊಸದರಂತೆ ಹೊಳೆಯುತ್ತಿದ್ದರೂ ಲಕ್ಷಗಟ್ಟಲೆ ಬಡಿದಿರಬಹುದು.

ನಿಮ್ಮ ಮನೆಗೆ ಬಂದ ಮೇಲೆ ಅದೇ ಗತಿ ಆಗದಿರಲು ದುಬಾರಿ ಡ್ರೈ ಕ್ಯಾಬಿನೆಟ್ಟೇ ಬೇಕೆಂದಿಲ್ಲ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಸಾಕು. ಮುಳ್ಳು 40 ಮತ್ತು 50ರ ನಡುವೆ ನಿಲ್ಲುವಂತೆ ನೋಡಿಕೊಳ್ಳಿ. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಬಾಣಲೆಯನ್ನು ಅದಕ್ಕೆ ಬಳಸಬೇಡಿ; ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ತನ್ನಿ. ಚರ್ಮದ ಚೀಲ ನೋಡಲು ಚೆಂದ, ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಹೆಜ್ಜೆ 9: ಮೊದಲ ಎರಡು ದಿನ

ಹೊಸದು ಕೊಂಡವರು ಬದಲಿಸಿಕೊಡುವ ಅವಧಿ ಎಷ್ಟೆಂದು ಬಿಲ್ಲಿನಲ್ಲಿ ನೋಡಿ, ಅದು ಮುಗಿಯುವುದರೊಳಗೆ ಈ ಪರೀಕ್ಷೆ ಮಾಡಿ. ದಿನಪತ್ರಿಕೆಯ ಎರಡು ಪುಟ ಅಗಲಿಸಿ ಗೋಡೆಗೆ ಅಂಟಿಸಿ. ಕ್ಯಾಮೆರಾವನ್ನು ಮೇಜಿನ ಮೇಲೆ ಪುಸ್ತಕ ಪೇರಿಸಿ ಅದರ ಮೇಲಿಟ್ಟು, ಗೋಡೆಗೆ ನೇರವಾಗಿ ಹೊಂದಿಸಿ, ಪತ್ರಿಕೆ ಚೌಕಟ್ಟಿನ ತುಂಬ ಬರುವಂತೆ ನೋಡಿಕೊಳ್ಳಿ. ಎಫ್ 8, ಎರಡು ಸೆಕೆಂಡಿನ ಟೈಮರ್. ಫೋಟೊವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನಾಲ್ಕು ಮೂಲೆಗಳ ಅಕ್ಷರಗಳನ್ನು ಓದಿ. ನಾಲ್ಕೂ ಒಂದೇ ಸಮನೆ ತುಸು ಮಸುಕಾಗಿದ್ದರೆ ಲೆನ್ಸಿನ ಸ್ವಭಾವ ಅಷ್ಟೇ. ಮೂರು ಮೂಲೆ ಸ್ಪಷ್ಟವಾಗಿದ್ದು ಒಂದು ಮಾತ್ರ ಕಲಸಿದಂತಿದ್ದರೆ ಕ್ಯಾಮೆರಾವನ್ನು ಇನ್ನೊಮ್ಮೆ ಗೋಡೆಗೆ ನೇರ ಮಾಡಿ ತೆಗೆಯಿರಿ. ಮತ್ತೆ ಅದೇ ಮೂಲೆ ಕಲಸಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿದೆ ಎಂದರ್ಥ. ಆ ಫೋಟೊ, ಬಿಲ್, ಪೆಟ್ಟಿಗೆ ಮೂರನ್ನೂ ತೆಗೆದುಕೊಂಡು ಮರುದಿನ ಬೆಳಗ್ಗೆಯೇ ಅಂಗಡಿಗೆ ಹೋಗಿ.